ಲಕ್ಸರ್‌ಗೆ ಹೊರಟ ಸೋದರ ಸೊಸೆಗೆ

ಮೈಸೂರು
ಗುರುವಾರ, ಮಧ್ಯಾಹ್ನ

ಚಿ. ಪುಟ್ಟಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನೀನೂ ನಿನ್ನ ಗೆಳತಿಯೂ ಜನವರಿಯಲ್ಲಿ ಈಜಿಪ್ಟಿಗೆ ಹೊರಟಿದ್ದೀರಿ, ಲಕ್ಸರ್‌ನಲ್ಲಿ ಐದು ರಾತ್ರಿಗೆ ಯಾವುದೋ ಅಗ್ಗದ ಹೋಟೆಲ್ ಗೊತ್ತು ಮಾಡಿದ್ದೀರಿ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಹೇಳಿದ ಎನ್ನುವುದಕ್ಕಿಂತ ಗೊಣಗಿದ. ಅಷ್ಟು ಕಡಿಮೆ ಬಾಡಿಗೆಗೆ ಎಂಥ ಕೋಣೆ ಕೊಟ್ಟಾರು, ನೀನಾದರೂ ಅವಳಿಗೆ ಬುದ್ಧಿ ಹೇಳು ಎಂದ. ನಾನು ಹೇಳುವ ಬುದ್ಧಿ ಅವನಿಗೆ ರುಚಿಸುವಂಥದ್ದಲ್ಲ. ಅಗ್ಗದ ಹೋಟೆಲಿನಲ್ಲೇ ಇರು. 2019ರ ಜನವರಿಯಲ್ಲಿ ನಾನೂ ಬ್ಯಾಂಕಿನ ನನ್ನ ಹಳೆಯ ಗೆಳತಿಯೂ ಅಂಥದ್ದೇ ಒಂದರಲ್ಲಿ ಆರು ರಾತ್ರಿ ಕಳೆದೆವು. ಇಬ್ಬರಿಗೂ ಅರವತ್ತು ದಾಟಿತ್ತು. ಏನೂ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದದ್ದನ್ನು ಬರೆಯುತ್ತೇನೆ, ಅಪ್ಪನಿಗೆ ಓದಿ ಹೇಳಬೇಕಾಗಿಲ್ಲ.

ಕೈರೋದಿಂದ ರಾತ್ರಿ ರೈಲು ಹಿಡಿದರೆ ಬೆಳಗ್ಗೆ ಲಕ್ಸರ್. ಸುಮಾರು 670 ಕಿ.ಮೀ., ಹತ್ತು ಗಂಟೆಯ ದಾರಿ ಎಂದಿಟ್ಟುಕೊ. ಕೈರೋದಿಂದ 160 ಕಿ.ಮೀ. ದಕ್ಷಿಣಕ್ಕೆ, ನೀನು ನಿದ್ದೆ ಹೋಗಿರುವ ಹೊತ್ತಿನಲ್ಲಿ, ಹಳಿಯಿಂದ ಪಶ್ಚಿಮಕ್ಕೆ ಆಕ್ಸಿರಿಂಕಸ್ ಎನ್ನುವ ಹಾಳೂರು ಸರಿದುಹೋಗುತ್ತದೆ. ಅಲ್ಲಿನ ಕಸದ ದಿಬ್ಬದಲ್ಲಿ ಸಿಕ್ಕ ಎರಡನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಭಾರತದ ಕಡಲ ತೀರದವರು ಆಡುವ ಮಾತು ಕನ್ನಡ ಎಂದು ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು. ನಮ್ಮ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ವಿದ್ವಾಂಸರೆಲ್ಲ ಒಪ್ಪಿಲ್ಲ. ನಾನು ಎಂದೋ ಒಪ್ಪಿಬಿಟ್ಟಿದ್ದೇನೆ.

ಲಕ್ಸರ್ ನಿಲ್ದಾಣದ ಬಾಗಿಲಲ್ಲಿ ಒಬ್ಬ ಕಾದಿರುತ್ತಾನೆ. ನಗುತ್ತಾ ನಿನ್ನ ಹೋಟೆಲಿನ ಹೆಸರು ಕೇಳುತ್ತಾನೆ. ಹೇಳಿದೆಯೋ, ಅದು ಮುಚ್ಚಿಹೋಗಿದೆ, ಅಲ್ಲಿ ನೀರಿಲ್ಲ, ಅದರ ಯಜಮಾನ ನನ್ನ ಅಣ್ಣ, ಈಗ ಹೊಸ ಜಾಗದಲ್ಲಿದೆ ಬನ್ನಿ ಎಂದು ಬೇರೆಲ್ಲಿಗೋ ಕರೆದೊಯ್ಯುತ್ತಾನೆ. ಅಲ್ಲಿ ಅವನಿಗೆ ಕಮಿಷನ್ ಇರುತ್ತದೆ. ಹೆಸರು ಹೇಳಬೇಡ. "ಲಾ, ಶುಕ್ರನ್" ಎಂದು ಮುಂದೆ ನಡೆ. ನಿಲ್ದಾಣದೆದುರಿನ ಬೀದಿ ಹಿಡಿದರೆ ಕಾಲು ಗಂಟೆಯಲ್ಲಿ ಲಕ್ಸರ್ ದೇವಾಲಯವೇ ಎದುರಾಗುತ್ತದೆ. ಅಗ್ಗದ ಹೋಟೆಲುಗಳು ಹೆಚ್ಚಾಗಿ ಆ ಬೀದಿಯ ಆಚೀಚೆಯ ಗಲ್ಲಿಗಳಲ್ಲಿ ಮತ್ತು ಟೆಲಿವಿಷನ್ ಬೀದಿ ಎನ್ನುವ ಕಡೆ ಇವೆ. ನೈಲ್ ಹೊಳೆಯಾಚೆ, ಪಶ್ಚಿಮ ದಡದ ಹಳ್ಳಿಗಳಲ್ಲೂ ಚಿಕ್ಕ ಅತಿಥಿಗೃಹಗಳಿವೆ. ಅಲ್ಲಿ ಹಾರ್ನ್ ಸದ್ದಿಲ್ಲ, ಕಬ್ಬಿನ ಗದ್ದೆಗಳಿವೆ. ಇನ್ನೊಮ್ಮೆ ಹೋಗುವುದಾದರೆ ನಾನು ಅಲ್ಲೇ ಇರುತ್ತೇನೆ.

ಕೋಣೆಯನ್ನು ನೋಡುವ ಮೊದಲು ಪಾಸ್‌ಪೋರ್ಟ್ ಕೊಡಬೇಡ. ನೋಡುವುದೆಂದರೆ ಬಾಗಿಲಲ್ಲಿ ನಿಂತು ತಲೆಯಾಡಿಸುವುದಲ್ಲ. ಒಳಗಿನ ಚಿಲಕ ಹಾಕಿ ತೆಗೆ. ಬಿಸಿನೀರಿನ ನಲ್ಲಿ ತಿರುಗಿಸಿ ನೂರು ಎಣಿಸು. ಅಷ್ಟರಲ್ಲಿ ಬೆಚ್ಚಗಾಗದಿದ್ದರೆ ಬೆಳಗಿನ ಜಾವಕ್ಕೂ ಆಗುವುದಿಲ್ಲ. ಬೀದಿಯ ಕಡೆಯ ಕೋಣೆ ಬೇಡ, ಹಿಂದಿನದು ಕೇಳು. ಹಿಂದೆ ಇದ್ದರೂ ನಸುಕಿನ ಬಾಂಗ್ ಕೇಳಿಸುತ್ತದೆ. ಅದಕ್ಕೇ ಎದ್ದುಬಿಡುವುದು ಒಳ್ಳೆಯದು, ಬಿಸಿಲೇರುವ ಮೊದಲು ಕಾರ್ನಾಕ್ ದೇವಾಲಯ ಮುಟ್ಟಬಹುದು. ಮರುಭೂಮಿಯ ಊರು ಎಂದು ತೆಳ್ಳಗಿನ ಬಟ್ಟೆಯಷ್ಟೇ ಒಯ್ಯಬೇಡ. ಜನವರಿಯ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಈ ಬಾಡಿಗೆಗೆ ಹೀಟರ್ ಸಿಗುವುದಿಲ್ಲ. ಎರಡನೇ ಕಂಬಳಿಯನ್ನು ಸಂಜೆಯೇ ಕೇಳಿ ಇಸಿದುಕೊ, ನಡುರಾತ್ರಿ ಕೊಡುವವರು ಇರುವುದಿಲ್ಲ. ಶೌಚಾಲಯದಲ್ಲಿ ಶತ್ತಾಫ್ ಎನ್ನುವ ನೀರಿನ ಕೊಳವೆ ಇರುತ್ತದೆ, ಆ ಚಿಂತೆ ಬೇಡ. ನಮ್ಮ ಎರಡು ಕಡ್ಡಿಯ ದುಂಡು ಪಿನ್ ಅಲ್ಲಿನ ಪ್ಲಗ್ಗಿಗೆ ಹೊಂದುತ್ತದೆ, ಮೂರು ಪಿನ್ನಿನದು ಹೊಂದುವುದಿಲ್ಲ.

ಬಾಡಿಗೆ ಕೋಣೆಗೋ ತಲೆಗೋ, ಈಜಿಪ್ಟಿನ ಪೌಂಡಿನಲ್ಲೋ ಡಾಲರಿನಲ್ಲೋ, ತಿಂಡಿ ಸೇರಿದೆಯೋ ಇಲ್ಲವೋ, ಇವನ್ನು ಒಂದು ಚೀಟಿಯಲ್ಲಿ ಹೋಟೆಲಿನವನ ಕೈಯಲ್ಲೇ ಬರೆಸಿಕೊ. ಬರೆದದ್ದನ್ನು ಓದಲು ಬರಬೇಕಲ್ಲ? ಅವರ ಅಂಕಿಗಳನ್ನು ರೈಲಿನಲ್ಲೇ ಕಲಿತುಬಿಡು. ಹತ್ತೇ ಇವೆ. ನಮ್ಮ ಕನ್ನಡದ ದುಂಡು ಸೊನ್ನೆ ಅಲ್ಲಿ ಐದು. ಅವರ ಸೊನ್ನೆ ಬರೀ ಒಂದು ಚುಕ್ಕೆ. ನಮ್ಮ ಕಣ್ಣಿಗೆ ಇಂಗ್ಲಿಷ್ ಏಳರಂತೆ ಕಾಣುವುದು ಅವರಿಗೆ ಆರು. ಒಂದು ಅಂಗಡಿಯಲ್ಲಿ ನಾನು ಹದಿನೈದನ್ನು ಹತ್ತು ಎಂದು ಓದಿ, ಕೇಳಿದ್ದಕ್ಕಿಂತ ಹೆಚ್ಚು ವಸೂಲು ಮಾಡುತ್ತಾನೆಂದು ಜಗಳಕ್ಕೆ ನಿಂತೆ. ಅವನು ಚೀಟಿಯ ಮೇಲೆ ಬೆರಳಿಟ್ಟು ತೋರಿಸಿದಾಗ ಮುಖ ಎಲ್ಲಿಡಲಿ ಎನಿಸಿತು. ಅರಬ್ಬಿಯಲ್ಲಿ ಈ ಅಂಕಿಗಳಿಗೆ "ಹಿಂದಿ ಅಂಕಿಗಳು", ಅಂದರೆ ಭಾರತದವು, ಎಂದೇ ಹೆಸರು. ನಮ್ಮವನ್ನೇ ಓದಲು ಬಾರದೆ ಹೋಯಿತು ನೋಡು. ಬಕ್ಷೀಸು, ಹಿಸಾಬು, ಬಾಕಿ ಎಲ್ಲ ಅಲ್ಲೂ ನಡೆಯುವ ಮಾತುಗಳು. ಬಾಕಿ ಎಂದರೆ ಅವರಿಗೆ ಚಿಲ್ಲರೆ. ಕೈ ಚಾಚಿ ಹಾಗೆಂದರೆ ಅರ್ಥವಾಗುತ್ತದೆ, ಅವರ ಬಾಯಲ್ಲಿ ಮಧ್ಯದ ಅಕ್ಷರ ಸ್ವಲ್ಪ ಬೇರೆಯಾಗಿ ಕೇಳಿಸುತ್ತದೆ ಅಷ್ಟೇ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಮೂವತ್ತಾರು ವರ್ಷ ಕ್ಯಾಶ್ ಕೌಂಟರಿನಲ್ಲಿ ಕುಳಿತವಳು ನಾನು. ಅಷ್ಟು ಕಡಿಮೆ ಬಾಡಿಗೆಯಲ್ಲಿ ಒಂದು ಹೋಟೆಲ್ ನಡೆಯುವುದು ಹೇಗೆ ಎಂದು ಮೊದಲ ದಿನವೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಆ ಊರಿನ ಅಗ್ಗದ ಹೋಟೆಲುಗಳಲ್ಲಿ ಕೋಣೆ ಬರೀ ಬಾಗಿಲು, ವ್ಯಾಪಾರ ನಡೆಯುವುದು ಆಮೇಲೆ. ಬಲೂನು, ಹಾಯಿದೋಣಿ, ಪಶ್ಚಿಮ ದಡದ ಪ್ರವಾಸ, ವಿಮಾನ ನಿಲ್ದಾಣಕ್ಕೆ ಕಾರು, ಇವುಗಳ ಕಮಿಷನ್ನಿನಲ್ಲಿ ಅವರ ಸಂಸಾರ ಸಾಗುತ್ತದೆ. ಎರಡನೆಯ ಸಂಜೆ ಕೌಂಟರಿನ ಮನುಷ್ಯ ತಾನೇ ಚಹಾ ತಂದುಕೊಟ್ಟು, ಪಕ್ಕದ ಕುರ್ಚಿ ಎಳೆದುಕೊಂಡು, ನಮಗೆ ಪಶ್ಚಿಮ ದಡವನ್ನು ಮಾರಿದ. ಕಾರು, ಮಾರ್ಗದರ್ಶಿ, ಊಟ, ಎಲ್ಲ ಸೇರಿ ಇಷ್ಟು ಎಂದ. ಆ "ಎಲ್ಲ"ದೊಳಗೆ ಟಿಕೆಟುಗಳಿರಲಿಲ್ಲ ಎಂದು ತಿಳಿದದ್ದು, ಹಳೆಯ ದೊರೆಗಳ ಗೋರಿಗಳಿರುವ ರಾಜರ ಕಣಿವೆಯ ಟಿಕೆಟ್ ಕಿಟಕಿಯ ಮುಂದೆ. ಅಲ್ಲಿಂದ ಕಾರು ನೇರ ಒಂದು ಅಲಬಾಸ್ಟರ್ ಕಲ್ಲಿನ ಅಂಗಡಿಗೆ ಹೋಯಿತು. ಒಂದೂವರೆ ಗಂಟೆ. ಹೂದಾನಿ, ಬೆಕ್ಕು, ಬೂದಿಬಟ್ಟಲು, ಮತ್ತೆ ಬೆಕ್ಕು. ಹತ್ಶೆಪ್ಸುತ್ ರಾಣಿಯ ದೇವಾಲಯಕ್ಕೆ ಉಳಿದದ್ದು ನಲವತ್ತು ನಿಮಿಷ.

ಆ ನಲವತ್ತು ನಿಮಿಷವನ್ನಾದರೂ ನೋಡಿದೆನೇ? ಬಂಡೆಗೆ ಒರಗಿದ ಮೂರು ಅಂತಸ್ತಿನ ಆ ಕಟ್ಟಡದ ಮೆಟ್ಟಿಲು ಹತ್ತುವಾಗ ನನ್ನ ತಲೆಯಲ್ಲಿ ಗುಣಾಕಾರ ನಡೆಯುತ್ತಿತ್ತು. ಟಿಕೆಟ್ಟಿಗೆ ಹೋದದ್ದಿಷ್ಟು, ಇಬ್ಬರಿಗೆ ಇಷ್ಟು, ರೂಪಾಯಿಗೆ ತಿರುಗಿಸಿದರೆ ಇಷ್ಟು, ಸಂಜೆ ಅವನಿಗೆ ಹೇಳಬೇಕಾದ ಮಾತುಗಳು ಇಷ್ಟು. ಊರಿಗೆ ಬಂದು ಆರು ತಿಂಗಳ ಮೇಲೆ ಗ್ರಂಥಾಲಯದಲ್ಲಿ ಒಂದು ಪುಸ್ತಕ ತೆರೆದೆ. ಎರಡನೇ ಅಂತಸ್ತಿನ ಗೋಡೆಯ ಕೆತ್ತನೆ ಇತ್ತು. ರಾಣಿ ಪುಂಟ್ ಎಂಬ ದೇಶಕ್ಕೆ ಹಡಗು ಕಳಿಸಿದ್ದು, ಅಲ್ಲಿಂದ ಧೂಪದ ಮರಗಳನ್ನು ಬೇರು ಸಮೇತ ಬುಟ್ಟಿಯಲ್ಲಿಟ್ಟು ಹೊತ್ತು ತಂದದ್ದು. ನಾನು ಆ ಗೋಡೆಯ ಮುಂದೆ ನಿಂತಿದ್ದೆ, ಪುಟ್ಟಿ. ನಿಂತ ಫೋಟೊ ಇದೆ. ಕೆತ್ತನೆಯ ಒಂದು ಗೆರೆಯೂ ನೆನಪಿಲ್ಲ, ಟಿಕೆಟಿನ ಮೊತ್ತ ಇವತ್ತಿಗೂ ನೆನಪಿದೆ.

ಸಂಜೆ ಜಗಳವಾಡಿದೆ. ಅವನೂ ಬಿಟ್ಟುಕೊಡಲಿಲ್ಲ. ಅದರ ಮರುರಾತ್ರಿ ನನ್ನ ಗೆಳತಿಗೆ ವಾಂತಿ ಶುರುವಾಯಿತು. ಹನ್ನೊಂದೂವರೆ ಗಂಟೆ. ಕೆಳಗೆ ಹೋಗಿ ನೋಡಿದರೆ ಅದೇ ಮನುಷ್ಯ, ಸೋಫಾದ ಮೇಲೆ ಸ್ವೆಟರ್ ಹೊದ್ದು ಮಲಗಿದ್ದಾನೆ. ಎಬ್ಬಿಸಿದೆ. ನಾನು ಕೊಟ್ಟ ನೋಟು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೋದ. ಅರ್ಧ ಗಂಟೆಯಲ್ಲಿ ಮಾತ್ರೆ, ಉಪ್ಪು-ಸಕ್ಕರೆಯ ಪುಡಿಯ ಪೊಟ್ಟಣ, ಎರಡು ಬಾಟಲಿ ನೀರು, ಅಂಗಡಿಯ ರಸೀದಿ ಎಲ್ಲವನ್ನೂ ತಂದು ಮೇಜಿನ ಮೇಲಿಟ್ಟ, ಪಕ್ಕದಲ್ಲಿ ಚಿಲ್ಲರೆ. ನಾನು ಎಣಿಸಿದೆ. ಅಭ್ಯಾಸ, ಬಿಡುವುದಿಲ್ಲ. ಒಂದು ಪೌಂಡ್ ಆಚೀಚೆ ಇರಲಿಲ್ಲ. ಬಕ್ಷೀಸು ಚಾಚಿದರೆ, ಕಾಯಿಲೆಗೆ ತೆಗೆದುಕೊಳ್ಳುವುದಿಲ್ಲ ಎಂದು ಕೈಯಲ್ಲೇ ಸನ್ನೆ ಮಾಡಿ ಮತ್ತೆ ಸ್ವೆಟರ್ ಎಳೆದುಕೊಂಡ. ಬೆಳಗ್ಗೆ ಎಂದಿನಂತೆ ಚಹಾ ತಂದು, ಬಲೂನು ಹತ್ತುವುದಿಲ್ಲವೇ, ಒಳ್ಳೆಯ ದರ ಮಾಡಿಸುತ್ತೇನೆ ಎಂದ! ಇವನನ್ನು ಜಮೆಗೆ ಹಾಕಲೋ ಖರ್ಚಿಗೆ ಹಾಕಲೋ ಎಂದು ನನಗೆ ಈಗಲೂ ತೀರ್ಮಾನವಾಗಿಲ್ಲ.

ಆದ್ದರಿಂದ ಹೀಗೆ ಮಾಡು. ಮೊದಲ ಚಹಾದಲ್ಲೇ ನಗುತ್ತಾ ಹೇಳಿಬಿಡು, ನಾವು ನಾವೇ ಸುತ್ತುತ್ತೇವೆ ಎಂದು. ದೇವಾಲಯದ ಹತ್ತಿರ ಊರ ಜನ ಓಡಾಡುವ ದೋಣಿ ಇದೆ, ಪುಡಿಗಾಸಿಗೆ ಹೊಳೆ ದಾಟಿಸುತ್ತದೆ. ಸೇತುವೆ ಊರಿಂದ ಬಹಳ ದಕ್ಷಿಣಕ್ಕಿದೆ, ಕಾರಿನವರು ಅದನ್ನು ಸುತ್ತಿ ಬರುತ್ತಾರೆ. ಆಚೆ ದಡದಲ್ಲಿ ಸೈಕಲ್ ಸಿಗುತ್ತದೆ, ಇಲ್ಲವಾದರೆ ಟ್ಯಾಕ್ಸಿಯವನೊಂದಿಗೆ ಇಷ್ಟು ಗಂಟೆಗೆ ಇಷ್ಟು, ಅಂಗಡಿ ಬೇಡ ಎಂದು ಮೊದಲೇ ಮಾತಾಡು. ಟಿಕೆಟುಗಳಿಗೆ ಈಗ ಬಹುತೇಕ ಕಡೆ ಕಾರ್ಡನ್ನೇ ಕೇಳುತ್ತಾರೆ, ನಮ್ಮ ಕಾಲದ ನಗದು ನಡೆಯುವುದಿಲ್ಲ. ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಾರ್ಡ್ ಮಾಡಿಸಿಕೊ, ಟಿಕೆಟ್ ಅರ್ಧಕ್ಕೆ ಬರುತ್ತದೆ. ರಾಜರ ಕಣಿವೆಯ ಟಿಕೆಟ್ಟಿಗೆ ಮೂರು ಗೋರಿ, ಟುಟಾಂಖಾಮನ್ನನದಕ್ಕೆ ಬೇರೆಯೇ ದುಡ್ಡು. ಬಲೂನಿನ ವಿಷಯ ನಿನ್ನಿಷ್ಟ. 2013ರ ಫೆಬ್ರವರಿಯಲ್ಲಿ ಅಲ್ಲೇ ಒಂದಕ್ಕೆ ಬೆಂಕಿ ಹತ್ತಿ 19 ಮಂದಿ ಸತ್ತರು. ಹೋಟೆಲಿನ ಮಾಳಿಗೆಯ ಮೇಲೆ ನಿಂತರೆ ನಸುಕಿನಲ್ಲಿ ಹೊಳೆಯಾಚೆ ಅವು ಒಂದೊಂದಾಗಿ ಏಳುವುದು ಪುಕ್ಕಟೆ ಕಾಣುತ್ತದೆ.

ಹಾಗೆಂದು ಹತ್ತು ಪೌಂಡಿಗೆಲ್ಲ ಚೌಕಾಸಿ ಮಾಡುತ್ತಾ ನಿಲ್ಲಬೇಡ. ನಾನು ಹೋದಾಗ ಒಂದು ಪೌಂಡಿಗೆ ಹತ್ತಿರ ಹತ್ತಿರ 4 ರೂಪಾಯಿ ಇತ್ತು. 2024ರ ಮಾರ್ಚ್‌ನಲ್ಲಿ ಅವರ ಹಣ ಕುಸಿದಾಗ ಅದು 2 ರೂಪಾಯಿಗೂ ಕೆಳಗಿಳಿಯಿತು. ನಿನಗೆ ಅದು ಲಾಭ. ಹಾಸಿಗೆ ಮಡಚುವ ಹುಡುಗನಿಗೆ ಅದೇ ಸಂಬಳದಲ್ಲಿ ಅಕ್ಕಿ ಎಣ್ಣೆ ಅರ್ಧವಾಗಿದೆ. ಸಣ್ಣ ನೋಟುಗಳನ್ನು ಬೇರೆ ಚೀಲದಲ್ಲಿಟ್ಟುಕೊ, ಕೊಡುವುದನ್ನು ಕೊಟ್ಟು ಮರೆತುಬಿಡು. ಆ ಊರು ಕಂಡ ದೊಡ್ಡ ನಷ್ಟದ ವ್ಯಾಪಾರ ಲಕ್ಸರ್ ದೇವಾಲಯದ ಬಾಗಿಲಲ್ಲೇ ಕಾಣುತ್ತದೆ. ಜೋಡಿಯಾಗಿದ್ದ ಏಕಶಿಲಾ ಸ್ತಂಭಗಳಲ್ಲಿ ಒಂದೇ ಉಳಿದಿದೆ. ಇನ್ನೊಂದನ್ನು ಆಗ ಈಜಿಪ್ಟನ್ನು ಆಳುತ್ತಿದ್ದ ಮೊಹಮ್ಮದ್ ಅಲಿ ಪಾಶಾ ಫ್ರಾನ್ಸಿಗೆ ಕೊಟ್ಟ, 1836ರಿಂದ ಅದು ಪ್ಯಾರಿಸ್‌ನಲ್ಲಿ ನಿಂತಿದೆ. ಬದಲಿಗೆ ಬಂದದ್ದು ಒಂದು ಗಡಿಯಾರ. ಕೈರೋದ ಕೋಟೆಯ ಮಸೀದಿಯಲ್ಲಿದೆ, ವರ್ಷಾನುಗಟ್ಟಲೆ ಕೆಟ್ಟು ನಿಂತಿತ್ತು.

ಎಲ್ಲರೂ ರಾಜರ ಗೋರಿಗೆ ಓಡುತ್ತಾರೆ. ನೀನು ಒಂದು ಬೆಳಗ್ಗೆಯನ್ನು ದೇರ್ ಎಲ್ ಮದೀನಾಕ್ಕೆ ಇಡು. ಆ ಗೋರಿಗಳನ್ನು ಕೊರೆದು ಬಣ್ಣ ಬಳಿದ ಕೆಲಸಗಾರರ ಊರು ಅದು. ಮೊಣಕಾಲೆತ್ತರದ ಗೋಡೆಗಳು, ಮಧ್ಯೆ ಒಂದೇ ಓಣಿ, ನಮ್ಮ ವಠಾರದಷ್ಟೇ ಇಕ್ಕಟ್ಟು. ಅವರ ಹಾಜರಿ ಪುಸ್ತಕ ಕಲ್ಲಿನ ಚಕ್ಕೆಯ ಮೇಲೆ ಬರೆದದ್ದು ಸಿಕ್ಕಿದೆ, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಎರಡನೇ ರಾಮ್ಸೆಸ್ ದೊರೆಯ ಆಳ್ವಿಕೆಯ 40ನೇ ವರ್ಷದ್ದು. ಇಂಥವನು ರಜೆ, ಚೇಳು ಕಚ್ಚಿದೆ. ಇಂಥವನು ರಜೆ, ಬಿಯರ್ ಮಾಡುತ್ತಿದ್ದಾನೆ. ನಮ್ಮ ಶಾಖೆಯ ರಜಾಪತ್ರಗಳಿಗಿಂತ ಪ್ರಾಮಾಣಿಕ. ಮೂರನೇ ರಾಮ್ಸೆಸ್‌ನ 29ನೇ ವರ್ಷದಲ್ಲಿ, ಕ್ರಿ.ಪೂ. 1157ರ ಸುಮಾರಿಗೆ, ಸಂಬಳದ ಧಾನ್ಯ ಬಾರದೆ ಹೋದಾಗ ಇವರೇ ಕೆಲಸ ಬಿಟ್ಟು ಎದ್ದುಹೋಗಿ ದೇವಾಲಯದ ಹಿಂದೆ ಕುಳಿತರು. ಬರಹದಲ್ಲಿ ಉಳಿದಿರುವ ಮೊದಲ ಮುಷ್ಕರ ಅದು. ನಾನೂ ಗೆಳತಿಯೂ ಆ ಓಣಿಯಲ್ಲಿ ನಿಂತು, ಬ್ಯಾಂಕಿನ ಗೇಟಿನ ಮುಂದೆ ಕೂಗಿದ ಹಳೆಯ ಘೋಷಣೆಗಳನ್ನು ನೆನಪಿಸಿಕೊಂಡು ನಕ್ಕೆವು. ಆ ದಿನ ನನ್ನ ತಲೆಯಲ್ಲಿ ಲೆಕ್ಕ ಓಡಲಿಲ್ಲ.

ಊಟಕ್ಕೆ ಕಷ್ಟವಿಲ್ಲ. ಬೆಳಗ್ಗೆ ಮಾಳಿಗೆಯ ಮೇಲೆ ರೊಟ್ಟಿ, ಚೀಸು, ಮೊಟ್ಟೆ, ಫೂಲ್ ಕೊಡುತ್ತಾರೆ. ಫೂಲ್ ಎಂದರೆ ಒಣ ಅವರೆಯಂಥ ದೊಡ್ಡ ಕಾಳನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಿದ್ದು. ಅದೇ ಕಾಳಿನ ವಡೆಗೆ ತಾಮಿಯಾ ಎನ್ನುತ್ತಾರೆ, ಗರಿಗರಿಯಾಗಿರುತ್ತದೆ. ಮಧ್ಯಾಹ್ನಕ್ಕೆ ಕೊಶರಿ: ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಮೇಲೆ ಕರಿದ ಈರುಳ್ಳಿ. ನಮ್ಮ ಖಿಚಡಿಯೇ ಹಡಗು ಹತ್ತಿ ಹೋದದ್ದು ಎನ್ನುವವರಿದ್ದಾರೆ. ಮುಲುಖಿಯಾ ಸೊಪ್ಪಿನ ಸಾರು ನೋಡಿ ಮೋಸ ಹೋಗಬೇಡ, ಅದನ್ನು ಮಾಂಸದ ರಸದಲ್ಲೇ ಮಾಡುವುದು ರೂಢಿ. ನಲ್ಲಿ ನೀರು ಕುಡಿಯಬೇಡ. ಬಾಟಲಿಯ ಮುಚ್ಚಳ ನಿನ್ನ ಕೈಯಲ್ಲೇ ಚಟ್ ಎನ್ನಬೇಕು.

ಸಡಿಲ ಬಟ್ಟೆ, ಒಂದು ಶಾಲು. ರಾತ್ರಿ ಬಾಗಿಲು ತಟ್ಟಿದರೆ ತೆಗೆಯದೆ ಒಳಗಿನಿಂದಲೇ ಮಾತಾಡು. ಇವನ್ನು ಅಪ್ಪನಿಗಾಗಿ ಬರೆದೆ, ನಿನಗೆ ಗೊತ್ತಿದೆ.

ಕಾರ್ನಾಕ್‌ನಿಂದ ಲಕ್ಸರ್ ದೇವಾಲಯದವರೆಗೆ ಸ್ಫಿಂಕ್ಸ್ ಎನ್ನುವ ಕಲ್ಲಿನ ಸಿಂಹನಾರಿಯರ ಸಾಲು 2.7 ಕಿ.ಮೀ. ಇದೆ. 2021ರ ನವೆಂಬರಿನಲ್ಲಿ ತೆರೆದದ್ದು, ನಾವು ಹೋದಾಗ ಇನ್ನೂ ಅಗೆಯುತ್ತಿದ್ದರು. ನನ್ನ ಪರವಾಗಿ ಒಮ್ಮೆ ನಡೆ. ಮತ್ತೆ ಹತ್ಶೆಪ್ಸುತ್ ರಾಣಿಯ ದೇವಾಲಯದ ಎರಡನೇ ಅಂತಸ್ತಿನಲ್ಲಿ, ಎಡಗಡೆಯ ಗೋಡೆಯಲ್ಲಿ, ಬುಟ್ಟಿಯಲ್ಲಿಟ್ಟು ಹೊತ್ತೊಯ್ಯುವ ಆ ಮರಗಳು ಎಷ್ಟಿವೆ ಎಂದು ಎಣಿಸಿ ಬರೆ.

ಇತಿ,
ನಿನ್ನ ಅತ್ತೆ