ಶುಗರ್ ಮಾತ್ರೆ ಏನು ತಗೋತೀರಿ ಅಂತ ಒಂದು ಮಾತು ಕೇಳಬಾರದಾ?

ಸಂಪಾದಕರೇ,

ಶುಗರ್ ಇದ್ದವರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವವರಿಗೆ ಬರವಿಲ್ಲ. ಶುಗರ್ ಮಾತ್ರೆಯ ಜೊತೆ ಬೇರೆ ಮಾತ್ರೆ ಸೇರಿದರೆ ಏನಾಗುತ್ತದೆ ಅಂತ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ.

ನಮ್ಮಮ್ಮ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೊಗ್ಲಿಬೋಸ್ ಮೂರೂ ಸೇರಿದ ಮಾತ್ರೆ ನುಂಗುತ್ತಾರೆ. ಕಳೆದ ತಿಂಗಳು ಉರಿಮೂತ್ರ ಎಂದು ಬೇರೆ ಡಾಕ್ಟರ ಹತ್ತಿರ ಹೋದೆವು. ಕೋ-ಟ್ರೈಮಾಕ್ಸಜೋಲ್ ಅನ್ನುವ ಆ್ಯಂಟಿಬಯೋಟಿಕ್ ಬರೆದರು. ಶುಗರ್‌ಗೆ ಏನು ತಗೋತೀರಿ ಅಂತ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ, ಮೆಡಿಕಲ್‌ನವರಂತೂ ಚೀಟಿ ನೋಡಿ ಸ್ಟ್ರಿಪ್ ಕತ್ತರಿಸಿ ಕೊಟ್ಟು ಮುಂದಿನವರನ್ನು ಕರೆದರು.

ಮೂರನೇ ರಾತ್ರಿ ಅಮ್ಮ ಬೆವರಿನಲ್ಲಿ ತೊಯ್ದು ಹೋಗಿದ್ದರು. ಮಾತು ತೊದಲುತ್ತಿತ್ತು. ನನ್ನನ್ನೇ ಯಾರು ನೀನು ಅಂದರು. ಲಕ್ವ ಹೊಡೆಯಿತು ಎಂದೇ ಹೆದರಿದೆವು. ಮೀಟರಿನಲ್ಲಿ ನೋಡಿದರೆ 48. 70ಕ್ಕಿಂತ ಕೆಳಗೆ ಹೋದರೇ ಲೋ ಶುಗರ್! ಸಕ್ಕರೆ ನೀರು ಕುಡಿಸಿದೆವು, ಕಾಲು ಗಂಟೆಯಾದರೂ ಏರಲಿಲ್ಲ.

ಡ್ರಿಪ್ ಹಾಕಿದ ಮೇಲೆ ಆಸ್ಪತ್ರೆಯವರು ಬಿಡಿಸಿ ಹೇಳಿದರು. ಗ್ಲಿಮೆಪಿರೈಡನ್ನು ಲಿವರ್ ಒಡೆದು ಖಾಲಿ ಮಾಡಬೇಕು, ಆ ಕೆಲಸಕ್ಕೇ ಈ ಆ್ಯಂಟಿಬಯೋಟಿಕ್ ಅಡ್ಡ ಬರುತ್ತದಂತೆ. ನುಂಗಿದ್ದು ಒಂದೇ ಮಾತ್ರೆ, ಮೈಗೆ ಮಾತ್ರ ಜಾಸ್ತಿ ನುಂಗಿದ ಹಾಗೆ. ಇನ್ನು ವೊಗ್ಲಿಬೋಸ್ ಇರುವುದೇ ಹೊಟ್ಟೆಯಲ್ಲಿ ಸಕ್ಕರೆ ಬೇಗ ಒಡೆಯದಂತೆ ತಡೆಯುವುದಕ್ಕೆ, ಹಾಗಾಗಿ ಸಕ್ಕರೆ ನೀರು ಕೈಕೊಡುತ್ತದೆ, ಗ್ಲೂಕೋಸ್ ಪುಡಿಯೇ ಬೇಕು: 15 ಗ್ರಾಂ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಇಷ್ಟು ವರ್ಷ ಆ ಮಾತ್ರೆ ತಂದುಕೊಟ್ಟವನು ನಾನೇ, ಇದು ಗೊತ್ತಿರಲಿಲ್ಲ.

ಫಂಗಸ್‌ಗೆ ಕೊಡುವ ಫ್ಲುಕೊನಜೋಲ್, ಆ್ಯಂಟಿಬಯೋಟಿಕ್‌ಗಳಲ್ಲಿ ಕ್ಲಾರಿತ್ರೊಮೈಸಿನ್, ಲೆವೊಫ್ಲಾಕ್ಸಸಿನ್ ಕೂಡ ಹೀಗೆ ಶುಗರ್ ಇಳಿಸಬಹುದು. ಸ್ಟೆರಾಯ್ಡ್ ಏರಿಸುತ್ತದೆ, ಮಂಡಿಗೆ ಹಾಕುವ ಸ್ಟೆರಾಯ್ಡ್ ಇಂಜೆಕ್ಷನ್ ಕೂಡ. ಬಿಪಿಗೆ, ಹೃದಯಕ್ಕೆ ಕೊಡುವ ಪ್ರೊಪ್ರನೊಲಾಲ್ ತಗೊಳ್ಳುವವರಿಗೆ ಶುಗರ್ ಇಳಿದಾಗಿನ ಎದೆಬಡಿತ, ನಡುಕ ತಿಳಿಯದೇ ಹೋಗಬಹುದು, ಬೆವರು ಮಾತ್ರ ಸುಳಿವು ಕೊಡುತ್ತಿರುತ್ತದೆ.

ಚೀಟಿಯಲ್ಲಿ ಬಿಪಿ ಬರೆಯಲು ಜಾಗವಿದೆ, ತೂಕಕ್ಕೂ ಇದೆ. ಈಗ ನುಂಗುತ್ತಿರುವ ಮಾತ್ರೆಗಳಿಗೂ ಒಂದು ಗೆರೆ ಇದ್ದರೆ ಏನು ನಷ್ಟ? ಹಾಗಂತ ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡಬೇಡಿ, ಅದು ಇನ್ನೊಂದು ಪಜೀತಿ. ನಾನೀಗ ಅಮ್ಮನ ಎಲ್ಲ ಸ್ಟ್ರಿಪ್‌ಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ. ಮೊನ್ನೆ ಹಲ್ಲಿನ ಡಾಕ್ಟರಿಗೂ ತೋರಿಸಿದೆ. ನಕ್ಕರು. ನಗಲಿ ಬಿಡಿ.

— ಒಬ್ಬ ಓದುಗ