ನಿಮ್ಮ ಬಿಲ್ಲಿನಲ್ಲಿ ಬರಲಿರುವ ‘ಸಾಗಣೆ ಇಂಧನ’ ಎಂಬ ಹೊಸ ಸಾಲಿನ ಬಗ್ಗೆ

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಹಕಾರ ಸಂಘದ ಬಿಲ್ಲಿನಲ್ಲಿ ‘ಸಾಗಣೆ ಇಂಧನ’ ಅಂತ ಒಂದು ಸಾಲು ಬೇರೆಯಾಗಿ ಕಾಣಿಸುತ್ತದೆ. ಗಾಬರಿ ಬೇಡ. ಇಷ್ಟು ದಿನ ಸಾಮಾನಿನ ಬೆಲೆಯೊಳಗೇ ಸೇರಿಹೋಗಿದ್ದ ಡೀಸೆಲ್ ಖರ್ಚನ್ನು ಹೊರಗೆ ತೆಗೆದಿದ್ದೇವೆ. ಅಷ್ಟರ ಮಟ್ಟಿಗೆ ಸಾಮಾನಿನ ಬೆಲೆ ಕಡಿಮೆಯಾಗಿರುತ್ತದೆ.

ಸುಮ್ನೆ ಯಾಕೆ ಈ ತಾಪತ್ರಯ ಅಂತ ಕೇಳಬಹುದು. ಇಂಧನ ತುಟ್ಟಿಯಾಯಿತು ಅಂದರೆ ನಮಗೆಲ್ಲ ನೆನಪಾಗುವುದು ಪೆಟ್ರೋಲ್ ಬಂಕ್. ಆದರೆ ಗಾಡಿಯೇ ಇಲ್ಲದ ಮನೆಗೂ ಅದರ ಬಿಸಿ ತಟ್ಟುತ್ತದೆ. ಹೊಲಕ್ಕೆ ನೀರು ಹಾಯಿಸುವ ಡೀಸೆಲ್ ಪಂಪು, ಟ್ರ್ಯಾಕ್ಟರ್, ಲಾರಿ, ಕೊನೆಗೆ ನಿಮ್ಮ ಮನೆ ಬಾಗಿಲಿಗೆ ಬರುವ ನಮ್ಮ ವ್ಯಾನ್, ಎಲ್ಲವೂ ಡೀಸೆಲ್ ಕುಡಿಯುತ್ತವೆ. ಯೂರಿಯಾ ಗೊಬ್ಬರ ಮಾಡುವುದಕ್ಕೂ ಹೆಚ್ಚಿನ ಕಡೆ ನೈಸರ್ಗಿಕ ಅನಿಲವೇ ಬೇಕು. ಹಲವು ಅಭಿವೃದ್ಧಿಶೀಲ ದೇಶಗಳ ಲೆಕ್ಕ ನೋಡಿದ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅರ್ಥಶಾಸ್ತ್ರಜ್ಞರ ಪ್ರಕಾರ, ಇಂಧನ ಬೆಲೆ ಏರಿಕೆ ಮನೆಗಳ ಮೇಲೆ ಹಾಕುವ ಹೊರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಹೀಗೆ ಬೇರೆ ಸಾಮಾನು, ಸೇವೆಗಳ ಬೆನ್ನೇರಿಕೊಂಡೇ.

ದುಡಿದದ್ದರಲ್ಲಿ ದೊಡ್ಡ ಪಾಲು ಊಟಕ್ಕೇ ಹೋಗುವ ಮನೆಯನ್ನು ನೋಡಿ. ಬಸ್ ಚಾರ್ಜ್ ಏರಿದರೂ ಕೆಲಸಕ್ಕೆ ಹೋಗಲೇಬೇಕು. ಬಾಡಿಗೆ, ಮಕ್ಕಳ ಫೀಸು ಕಡಿಮೆ ಮಾಡುವ ಹಾಗಿಲ್ಲ. ಉಳಿಯುವುದು ತಟ್ಟೆ ಮತ್ತು ಒಲೆ, ಅಲ್ವಾ? ಮೊದಲು ಊಟದ ಗುಣಮಟ್ಟ ಇಳಿಯುತ್ತದೆ. ಸಿಲಿಂಡರ್ ಮುಗಿದರೂ ತಕ್ಷಣ ಇನ್ನೊಂದು ತರುವುದಿಲ್ಲ, ಒಂದಷ್ಟು ದಿನ ಸೌದೆ ಒಲೆ ಉರಿಯುತ್ತದೆ. ನೈಜೀರಿಯಾದಲ್ಲಿ 2023ರ ಮೇ ಕೊನೆಗೆ ಪೆಟ್ರೋಲ್ ಸಬ್ಸಿಡಿ ನಿಂತಾಗ ಕೆಲವೇ ದಿನಗಳಲ್ಲಿ ದರ ದುಪ್ಪಟ್ಟಿಗಿಂತ ಮೇಲೆ ಹೋಯಿತು. ಬಸ್ ಚಾರ್ಜ್ ಕೊಡಲಾಗದೆ ಎಷ್ಟೋ ಜನ ಕೆಲಸಕ್ಕೆ ನಡೆದುಕೊಂಡೇ ಹೋದರು.

ಹಾಗಂತ ಸಬ್ಸಿಡಿಯೊಂದೇ ಮದ್ದು ಅಂತ ನಮಗನಿಸುವುದಿಲ್ಲ. ಜಾಸ್ತಿ ಇಂಧನ ಸುಡುವವರಿಗೇ ಅದರ ಲಾಭವೂ ಜಾಸ್ತಿ. ಇಂಡೊನೇಷ್ಯಾ 2005ರಲ್ಲಿ ದರ ಏರಿಸಿದಾಗ ಬಡ ಮನೆಗಳಿಗೆ ನೇರವಾಗಿ ಹಣ ಕೊಟ್ಟಿತು. ನಮಗೆ ಅದು ಹೆಚ್ಚು ಸರಿ ಕಾಣುತ್ತದೆ. ಇರಲಿ, ಅದು ಸರ್ಕಾರಗಳ ಮಾತು.

ನಮ್ಮ ಕೈಯಲ್ಲಿರುವುದು ಬಿಲ್ಲು. ಬೆಲೆಗಳು ಏರುವಾಗ ರಾಕೆಟ್, ಇಳಿಯುವಾಗ ಹಕ್ಕಿಯ ಗರಿ ಎಂದು ಅರ್ಥಶಾಸ್ತ್ರಜ್ಞರು ಹೇಳುವುದುಂಟು. 2008ರ ಜುಲೈನಲ್ಲಿ ಬ್ಯಾರಲ್‌ಗೆ 147 ಡಾಲರ್ ಮುಟ್ಟಿದ ಕಚ್ಚಾ ತೈಲ ಡಿಸೆಂಬರ್ ಹೊತ್ತಿಗೆ 40ರ ಆಸುಪಾಸಿಗೆ ಬಿದ್ದಿತ್ತು. ಅಷ್ಟು ಬೇಗ ಯಾವ ಅಂಗಡಿಯ ಬಿಲ್ಲು ಇಳಿದೀತು? ಡೀಸೆಲ್ ಖರ್ಚು ಬೆಲೆಯೊಳಗೆ ಅಡಗಿದ್ದರೆ ಇಳಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ, ಮಾರುವವರಿಗೂ ಅವಸರ ಇರುವುದಿಲ್ಲ.

ಇನ್ನು ಮೇಲೆ ಪ್ರತಿ ತಿಂಗಳ 1ನೇ ತಾರೀಕಿನ ಬಂಕ್ ದರವೇ ನಮ್ಮ ಲೆಕ್ಕ. ಏರಿದರೆ ಆ ಸಾಲು ಏರುತ್ತದೆ, ಇಳಿದರೆ ಅದೇ ತಿಂಗಳು ಇಳಿಯುತ್ತದೆ. ನಮ್ಮ ಸಾಗಣೆ ಖರ್ಚಿನಲ್ಲಿ ಡೀಸೆಲ್ ಪಾಲು ಸುಮಾರು ಮೂರನೇ ಒಂದು. ಉಳಿದದ್ದು ಡ್ರೈವರ್ ಸಂಬಳ, ಟೈರು, ರಿಪೇರಿ. ಹಾಗಾಗಿ ಡೀಸೆಲ್ ಶೇ 9ರಷ್ಟು ಏರಿದರೆ ‘ಸಾಗಣೆ ಇಂಧನ’ದ ಸಾಲೂ ಶೇ 9ರಷ್ಟು ಏರುತ್ತದೆ, ಆದರೆ ಒಟ್ಟು ಸಾಗಣೆ ಖರ್ಚು ಏರಬೇಕಾದ್ದು ಶೇ 3ರಷ್ಟು ಮಾತ್ರ. ಬಿಲ್ಲಿನಲ್ಲಿ ಆ ಸಾಲು ಡೀಸೆಲ್ ದರಕ್ಕಿಂತ ಜಾಸ್ತಿ ಏರಿದ್ದು ಕಂಡರೆ ದಯವಿಟ್ಟು ಕೇಳಿ.

ಅಕ್ಕಪಕ್ಕದ ಮನೆಯವರು ಒಂದೇ ದಿನಕ್ಕೆ ಆರ್ಡರ್ ಕೊಟ್ಟರೆ ಈ ಮೊತ್ತವನ್ನು ಅವರ ನಡುವೆ ಹಂಚುತ್ತೇವೆ. ನೀವೇ ಮಳಿಗೆಗೆ ಬಂದು ಒಯ್ದರೆ ವ್ಯಾನ್ ಡೀಸೆಲ್ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ತಿಂಗಳ ಲೆಕ್ಕದ ಪುಸ್ತಕ ಕೌಂಟರ್ ಮೇಲೆ ಇರುತ್ತದೆ, ಯಾರು ಬೇಕಾದರೂ ನೋಡಬಹುದು.

ಇಂತಿ,
ನಿಮ್ಮ ಸಂಘದ ಆಡಳಿತ ಮಂಡಳಿ