ಮೇಷ್ಟ್ರು ತಂದುಕೊಟ್ಟ ಹತ್ತು ಸಾವಿರ

ಹೋದ ವಾರ ಗೊಬ್ಬರದ ಅಂಗಡಿಯ ಬಾಕಿ ಪೂರ್ತಿ ತೀರಿತು. ಕೊರೊನಾ ವರ್ಷದಿಂದ ಎಳೆದುಕೊಂಡು ಬಂದಿದ್ದ ಲೆಕ್ಕ. ಅಂಗಡಿಯವರು ಪುಸ್ತಕದಲ್ಲಿ ನನ್ನ ಪುಟಕ್ಕೆ ಅಡ್ಡಗೆರೆ ಎಳೆದಾಗಲೇ ಇದನ್ನು ಬರೆಯಬೇಕು ಅನ್ನಿಸಿತು.

ನಮ್ಮದು ಚಿಕ್ಕಬಳ್ಳಾಪುರದ ಕಡೆ ಒಂದು ಎಕರೆ ಬಟನ್ ರೋಜ್. ನಮ್ಮದು ಅಂದರೆ ಗಿಡ ನಮ್ಮದು, ನೆಲ ಮೇಷ್ಟ್ರದು. 2020ರ ಯುಗಾದಿ ಬಿದ್ದದ್ದು ಮಾರ್ಚ್ 25ಕ್ಕೆ. ದೇಶಕ್ಕೆ ಬೀಗ ಬಿದ್ದದ್ದೂ ಅವತ್ತೇ. ಹಬ್ಬದ ರೇಟು ಬಿಡಿ, ಹೂ ಕೇಳುವವರೇ ಇಲ್ಲ. ಗುಡಿ ಮುಚ್ಚಿತು, ಮದುವೆ ಮುಂದಕ್ಕೆ ಹೋಯಿತು. ಹಾಗಂತ ಹೂವನ್ನು ಗಿಡದಲ್ಲೇ ಬಿಡುವ ಹಾಗೂ ಇಲ್ಲ. ಅಲ್ಲೇ ಕೊಳೆತು ರೋಗ ಹಿಡಿಯುತ್ತದೆ, ಹೊಸ ಚಿಗುರು ಸೊರಗುತ್ತದೆ. ದಿನಾ ನಸುಕಿಗೆ ಕೀಳುವುದು, ತಿಪ್ಪೆಗೆ ಸುರಿಯುವುದು. ಆ ತಿಪ್ಪೆ ವಾರಗಟ್ಟಲೆ ಮದುವೆಮನೆ ಹಾಗೆ ಘಮಗುಟ್ಟುತ್ತಿತ್ತು. ಇವತ್ತಿಗೂ ಆ ವಾಸನೆ ನೆನೆದರೆ ಹೊಟ್ಟೆ ತೊಳಸುತ್ತದೆ.

"ಕೂಲಿ ಆಮೇಲೆ ನೋಡಾಣ ಬಿಡಣ್ಣ" ಅಂತ ಮೂರು ಜನ ಅಕ್ಕಂದಿರು ಆಗಲೂ ಕೀಳೋಕೆ ಬಂದರು. ಮೊದಲ ನಮಸ್ಕಾರ ಅವರಿಗೆ.

ಮೇ 6ಕ್ಕೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿದರು. ಅದರಲ್ಲಿ ಹೂ ಬೆಳೆದವರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಹೂವಿಗೆ ಬೆಂಬಲ ಬೆಲೆ ಅನ್ನುವುದೇ ಇಲ್ಲ. ಅಗಸರು, ಕ್ಷೌರಿಕರು, ಆಟೋದವರ ಜೊತೆ ನಮ್ಮನ್ನೂ ಒಬ್ಬರು ನೆನೆದರಲ್ಲ ಎನ್ನುವುದೇ ಆವತ್ತು ದೊಡ್ಡದಾಗಿತ್ತು. ಸರ್ಕಾರಕ್ಕೆ ಅಷ್ಟರ ಮಟ್ಟಿಗೆ ನಾನು ಋಣಿ.

ಆದರೆ ದುಡ್ಡು ಹೋಗುವುದು ಪಹಣಿ ಹಿಡಿದು. ಪಹಣಿಯಲ್ಲಿ ನನ್ನ ಹೆಸರಿಲ್ಲ, ಬರುವುದೂ ಇಲ್ಲ. 1974ರ ಭೂಸುಧಾರಣೆ ಆದಮೇಲೆ ನಮ್ಮ ರಾಜ್ಯದಲ್ಲಿ ಜಮೀನು ಗೇಣಿಗೆ ಕೊಡುವುದಕ್ಕೇ ಹೆಚ್ಚುಕಡಿಮೆ ಕಾನೂನಿನಲ್ಲಿ ಜಾಗವಿಲ್ಲ. ಉಳುವವನಿಗೆ ಭೂಮಿ ಸಿಗಲಿ ಅಂತ ಮಾಡಿದ್ದು, ಒಳ್ಳೆಯದೇ. ನಮ್ಮಂಥವರದು ಮಾತ್ರ ಬಾಯಿಮಾತಿನ ಗುತ್ತಿಗೆ. ಬೆಳೆ ಸಮೀಕ್ಷೆಗೆ ಬಂದಿದ್ದ ನಮ್ಮೂರ ಹುಡುಗ ಕಟ್ಟೆ ಮೇಲೆ ಕೂತು ಬರೆದುಕೊಳ್ಳದೆ ತೋಟದೊಳಗೇ ಬಂದು ಫೋಟೋ ಹೊಡೆದಿದ್ದ. ಅದಕ್ಕೇ ಆ ಸರ್ವೆ ನಂಬರಿನ ಎದುರು ಗುಲಾಬಿ ಅಂತ ಬಿತ್ತು. ತಮ್ಮಾ, ನಿನಗೂ ಒಂದು ನಮಸ್ಕಾರ.

ಹಣ ಬಂದದ್ದು ಮೇಷ್ಟ್ರ ಖಾತೆಗೆ. ನನಗೆ ಗೊತ್ತೇ ಇರಲಿಲ್ಲ, ಗೊತ್ತಾಗುತ್ತಲೂ ಇರಲಿಲ್ಲ. ಒಂದು ಸಂಜೆ ಬಾಯಿಗೆ ಟವೆಲ್ ಕಟ್ಟಿಕೊಂಡು ಬದುವಿನ ಮೇಲೆ ಬಂದು ನಿಂತರು. ಹತ್ತಿರ ಬರಬೇಡ ಅಂತ ಕೈಸನ್ನೆ ಮಾಡಿ ಒಂದು ಲಕೋಟೆಯನ್ನು ಡ್ರಿಪ್ ಪೈಪಿನ ಗೇಟ್‌ವಾಲ್ವ್ ಮೇಲಿಟ್ಟರು. "ಹತ್ತು ಸಾವಿರ ಐತೆ, ಎಣಿಸ್ಕೋ. ರೋಜ್ ನಾನೇನು ಬೆಳೆದಿದ್ನಾ?" ಅಂದರು. ಆ ವರ್ಷದ ಗುತ್ತಿಗೆ ದುಡ್ಡು ನಾನಿನ್ನೂ ಅವರಿಗೆ ಕೊಟ್ಟಿರಲಿಲ್ಲ. ಅದರ ಸುದ್ದಿ ಎತ್ತದೆ ಹೊರಟರು.

ಹತ್ತು ಸಾವಿರದಲ್ಲಿ ನಷ್ಟ ತುಂಬಲಿಲ್ಲ. ಅಕ್ಕಂದಿರ ಕೂಲಿ ಕೊಟ್ಟೆ, ಗಿಡ ಸವರಿಸಿದೆ, ಒಂದು ಸಲ ಔಷಧಿ ಹೊಡೆದೆ. ಗಿಡ ಕಿತ್ತುಹಾಕಿ ಬೆಂಗಳೂರಿಗೆ ಕೂಲಿಗೆ ಹೋಗೋಣ ಅಂತಿದ್ದವನು ನಿಂತೆ. 2021ರ ಎರಡನೇ ಲಾಕ್‌ಡೌನಿನಲ್ಲಿ ಪರಿಹಾರ ಹೆಕ್ಟೇರಿಗೆ 10,000ಕ್ಕೆ ಇಳಿಯಿತು, ನಮ್ಮ ಎಕರೆಗೆ ನಾಲ್ಕು ಸಾವಿರ. ಅದನ್ನೂ ಮೇಷ್ಟ್ರು ತಂದುಕೊಟ್ಟರು. ಚಿಲ್ಲರೆ ಸಮೇತ.

ಎಲ್ಲ ಕಡೆ ಹೀಗಾಗಲಿಲ್ಲ ಅಂತ ಬಲ್ಲೆ. ಗುತ್ತಿಗೆಯವನ ಪಾಲಿನ ಪರಿಹಾರ ಜಮೀನಿನವರ ಒಳ್ಳೆಯತನದ ಮೇಲೆ ನಿಲ್ಲುವುದು ಸರಿಯಲ್ಲ ಅಂತಲೂ ಅನ್ನಿಸುತ್ತದೆ. ಇದನ್ನು ಮೇಷ್ಟ್ರ ಹತ್ತಿರವೇ ಹೇಳಿದೆ. "ಅದನ್ನೂ ಬರಿ" ಅಂದರು.

ಬಾಕಿ ತೀರಿದ ದಿನ ಒಂದು ಬುಟ್ಟಿ ಹೂ ಅವರ ಮನೆಗೆ ಕೊಟ್ಟುಬಂದೆ. ಅಮ್ಮನವರು ಎಷ್ಟು ಕೇಜಿಯಪ್ಪಾ, ಇವತ್ತಿನ ರೇಟೆಷ್ಟು ಅಂತ ಪರ್ಸಿಗೆ ಕೈಹಾಕಿದರು. ಮೇಷ್ಟ್ರು ಒಳಗಿಂದ ನಗುತ್ತಿದ್ದರು.